ದಾರ ಬಾಗಿಲಲ್ಲೇ ಇರಲಿ

"ಮೊದಲನೇ ವಾರ ಏನ್ ಪಾಠ ಇರುತ್ತೆ ಬಿಡ್ರೀ. ಬರೀ ಭಾಷಣ."

ಮಗನನ್ನು ಇಂಜಿನಿಯರಿಂಗ್‌ಗೆ ಸೇರಿಸಿದವರೂ ಇದೇ ಮಾತು ಹೇಳುತ್ತಾರೆ, ಮಗಳನ್ನು ಸೇರಿಸಿದವರೂ ಇದೇ ಮಾತು ಹೇಳುತ್ತಾರೆ. ಈ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ನನ್ನ ಹೆಸರು ಸರಳಾ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋದರೆ ಸಿಗುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮೆಕ್ಯಾನಿಕಲ್ ವಿಭಾಗದ ವರ್ಕ್‌ಶಾಪ್ ಮೇಡಂ ನಾನು. ಹೊಸದಾಗಿ ಬಂದ ಮಕ್ಕಳ ಕೈಗೆ ಮೊದಲ ಸಲ ಕಬ್ಬಿಣ ಉಜ್ಜುವ ಅರ ಕೊಡುವುದು, ಗರಗಸ ಹಿಡಿಸುವುದು, ಡ್ರಿಲ್ಲಿಂಗ್ ಮಷೀನ್ ಮುಂದೆ ನಿಲ್ಲಿಸುವುದು ನನ್ನ ಕೆಲಸ. ಸರಳಾ ಮೇಡಂ ಬಾಯಿ ಜೋರು ಅಂತ ಕಾಲೇಜಿನಲ್ಲೆಲ್ಲ ಹೆಸರಾಗಿದೆ. ಆಗಲಿ ಬಿಡಿ. ಮಷೀನಿನ ಸದ್ದು ಮೀರಿ ಕೇಳಿಸಬೇಕಲ್ಲ!

ನಾನಿರುವುದು ಯಲಹಂಕ ಹಳೇ ಊರಿನಲ್ಲಿ, ನಾಗೇಶಣ್ಣನ ಮನೆಯ ಮಹಡಿ ಮೇಲೆ, ಬಾಡಿಗೆಗೆ. ಕೆಳಗೆ ಅವರ ಸಂಸಾರ. ನಾಗೇಶಣ್ಣನಿಗೆ ಟಿಪ್ಪರ್ ಲಾರಿಗಳಿವೆ, ಕಟ್ಟಡದ ಕೆಲಸಕ್ಕೆ ಜಲ್ಲಿ, ಮರಳು ಹೊಡೆಸುತ್ತಾರೆ. ಹೆಂಡತಿ ರಾಣಕ್ಕ. ಅಮ್ಮ ಸೊಣ್ಣಮ್ಮಜ್ಜಿ. ಒಬ್ಬಳೇ ಮಗಳು ಮೋನಿಕಾ. ಈ ಹುಡುಗಿ ಚಿಕ್ಕಂದಿನಿಂದ ಅಪ್ಪನ ಲಾರಿ ರಿಪೇರಿಗೆ ಬಂದರೆ ಸಾಕು, ಮೆಕ್ಯಾನಿಕ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಡುತ್ತಿದ್ದಳು. 2014ರಲ್ಲಿ ಪಿಯುಸಿ ಮುಗಿಸಿ, ನಮ್ಮ ಕಾಲೇಜಿನಲ್ಲೇ ಮೆಕ್ಯಾನಿಕಲ್ ಸೀಟು ತೆಗೆದುಕೊಂಡಳು. ನೆಂಟರೆಲ್ಲ ಮೂಗು ಮುರಿದರು. ಹುಡುಗಿ ಜಗ್ಗಲಿಲ್ಲ. ನನಗೋ ಹೇಳತೀರದ ಖುಷಿ.

ಶ್ರಾವಣದ ಒಂದು ಶನಿವಾರ ಹೊಸ ಮಕ್ಕಳಿಗೆ, ಹೆತ್ತವರಿಗೆ ಓರಿಯೆಂಟೇಶನ್ ಅಂತ ನಿಗದಿಯಾಯಿತು. ಅಂದರೆ ಕಾಲೇಜು ಹೇಗೆ, ಯಾವ ಪಾಠ, ಯಾವ ಲ್ಯಾಬು, ಎಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಸುವ ದಿನ. ಹಿಂದಿನ ದಿನವೇ ಕೆಳಗಿಳಿದು ಹೇಳಿದೆ.

"ನಾಗೇಶಣ್ಣ, ನಾಳೆ ಮೋನಿಕಾನ ತಪ್ಪಿಸ್ಬೇಡಿ. ನೀವೂ ಬನ್ನಿ. ವರ್ಕ್‌ಶಾಪ್ ಬಗ್ಗೆ ಹೇಳ್ತೀನಿ."

"ಅಯ್ಯೋ ಮೇಡಂ, ನಾಳೆ ಮೂರನೇ ಶ್ರಾವಣ ಶನಿವಾರ. ಮನೆದೇವ್ರ ಪೂಜೆ. ಎಲ್ಲಿ ಬರಕ್ಕಾಗುತ್ತೆ? ನಿಮ್ಮ ಕಾಲೇಜಲ್ಲಿ ಇನ್ನೇನು, ಹಾರ ಹಾಕ್ತಾರೆ, ದೀಪ ಹಚ್ತಾರೆ, ಯಾರೋ ಬಂದು ಕೊರೀತಾರೆ. ಸೋಮವಾರದಿಂದ ಕಳಿಸ್ತೀನಿ ಬಿಡಿ."

ಪೂಜೆ ಬಿಡಿ ಅಂತ ನಾನು ಹೇಳುವವಳಲ್ಲ. "ಬೆಳಿಗ್ಗೆ ಪೂಜೆ ಮುಗಿಸ್ಕೊಂಡಾದ್ರೂ ಕಳ್ಸಿ" ಅಂದೆ. ನಕ್ಕು ಒಳಗೆ ಹೋದರು. ಮರುದಿನ ಮೋನಿಕಾ ಬರಲಿಲ್ಲ.

ಬಂದವರಿಗಾದರೂ ಏನು ಸಿಕ್ಕಿತು ಅನ್ನುತ್ತೀರಿ? ಮುಖ್ಯ ಅತಿಥಿಯ ಭಾಷಣ ಊಟದ ಹೊತ್ತಿನವರೆಗೂ ಎಳೆಯಿತು. ದೇಶದ ಭವಿಷ್ಯ ನಿಮ್ಮ ಕೈಯಲ್ಲಿದೆ ಅಂತ ಹೇಳಿದ್ದೇ ಹೇಳಿದ್ದು. ಆ ಕೈ ಉಳಿಸಿಕೊಳ್ಳುವುದು ಹೇಗೆ ಅಂತ ಹೇಳಬೇಕಾದ ನನಗೆ ಮೈಕು ಸಿಕ್ಕಿದ್ದು ಹೊರಗೆ ಪಲಾವಿನ ವಾಸನೆ ಬರುತ್ತಿದ್ದಾಗ! ಆದರೂ ಗಂಟಲು ಹರಿಯುವ ಹಾಗೆ ಹೇಳಿದೆ: "ತಿರುಗೋ ಮಷೀನ್ ಹತ್ರ ಉಂಗುರ ಬೇಡ, ಬಳೆ ಬೇಡ, ದಾರ ಬೇಡ, ಬಿಟ್ಟ ಕೂದಲು ಬೇಡ, ವೇಲು ಬೇಡ. ಕೈಗೆ ಗ್ಲೌಸಂತೂ ಬೇಡವೇ ಬೇಡ." ಅರ್ಧ ಜನ ಆಗಲೇ ಎದ್ದು ನಿಂತಿದ್ದರು.

ಸೋಮವಾರ ಮೋನಿಕಾ ಹೊಸ ಖಾಕಿ ಕೋಟು ಹಾಕಿಕೊಂಡು ವರ್ಕ್‌ಶಾಪ್ ಬಾಗಿಲಿಗೆ ಬಂದಳು. ಮುಖ ಅರಳಿತ್ತು. ಎಡಗೈಯಲ್ಲಿ ದಪ್ಪನೆಯ ಹಳದಿ ದಾರ, ಅದರಲ್ಲೊಂದು ಅರಿಶಿನದ ಕೊಂಬು ನೇತಾಡುತ್ತಿತ್ತು.

"ದಾರ ಬಿಚ್ಚಿಟ್ಟು ಬಾರಮ್ಮ" ಅಂದೆ.

"ಮೇಡಂ, ಇದು ಮನೆದೇವ್ರ ದಾರ. ಬಿಚ್ಚೋ ಹಂಗಿಲ್ಲ."

"ಹಾಗಾದ್ರೆ ಒಳಗೆ ಬರೋ ಹಂಗಿಲ್ಲ."

ಅವತ್ತು ಅವಳು ಹೊರಗೆ ಬೆಂಚಿನ ಮೇಲೇ ಕೂತಳು. ಒಳಗೆ ಹುಡುಗರೆಲ್ಲ ಅರ ಉಜ್ಜುವುದನ್ನು ಕಿಟಕಿಯಿಂದ ನೋಡಿದಳು. ನನಗೂ ಪಾಪ ಅನ್ನಿಸಿತು. ಆದರೆ ಬಿಡಲಿಲ್ಲ.

ಸಂಜೆ ನಾನು ಮನೆಯ ಗೇಟು ತೆಗೆಯುವುದನ್ನೇ ನಾಗೇಶಣ್ಣ ಕಾಯುತ್ತಿದ್ದರು.

"ಏನ್ ಮೇಡಂ ಇದು? ಹೆಣ್ಣು ಹುಡುಗಿ ಅಂತ ತಾನೆ ಹೊರಗೆ ಕೂರ್ಸಿದ್ದು?" ನಾಗೇಶಣ್ಣನ ದನಿ ಬೀದಿಗೆಲ್ಲ ಕೇಳುತ್ತಿತ್ತು. "ನೆಂಟರ ಹತ್ರ ಜಗಳ ಆಡಿ ನನ್ನ ಮಗಳನ್ನ ಮೆಕ್ಯಾನಿಕಲ್‌ಗೆ ಹಾಕಿದೀನಿ. ನೀವೇ ಒಬ್ರು ಹೆಂಗಸಾಗಿ ಹಿಂಗ್ ಮಾಡೋದಾ?"

ನನಗೆ ಹೇಗಾಗಬೇಡ! ಈ ಖಾಕಿ ಕೋಟು ಹಾಕಿಕೊಳ್ಳಲು ನಾನು ಎಷ್ಟು ಜನರ ಬಾಯಿಗೆ ಬಿದ್ದಿದ್ದೇನೆ ಅಂತ ಈ ಮನುಷ್ಯನಿಗೇನು ಗೊತ್ತು?

"ನಾಗೇಶಣ್ಣ, ಹುಡುಗ ಆಗಿದ್ರೂ ಹೊರಗೇ ಕೂರಿಸ್ತಿದ್ದೆ. ಡ್ರಿಲ್ ಮಷೀನ್‌ಗೆ ಹೆಣ್ಣು ಗಂಡು ಅಂತ ಗೊತ್ತಾಗಲ್ಲ. ದಾರ ಸಿಕ್ಕಿದ್ರೆ ಸುತ್ಕೊಳ್ಳುತ್ತೆ, ಅಷ್ಟೆ. ದಾರದ ಹಿಂದೆ ಕೈನೂ ಹೋಗುತ್ತೆ. ಶನಿವಾರ ಬಂದಿದ್ರೆ ಇದನ್ನೇ ಕೇಳಿರ್ತಿದ್ರಿ."

ಸೊಣ್ಣಮ್ಮಜ್ಜಿ ಜಗಲಿಯ ಮೇಲಿಂದಲೇ ಅಂದರು: "ಅಂಗೆಲ್ಲ ಬಿಚ್ಚಂಗಿಲ್ಲ ಕಣಮ್ಮ ಸರಳಮ್ಮ. ಆಯುಧಪೂಜೆ ಗಂಟ ಅದು ಕೈಲೇ ಇರ್ಬೇಕು. ನಮ್ಮತ್ತೆ ಕಾಲದಿಂದ ಇಂಗೇ ನಡ್ಕೊಂಡು ಬಂದೈತೆ."

ಆ ಮನೆಯ ಪದ್ಧತಿ ನನಗೂ ಗೊತ್ತು. ಮೂರನೇ ಶ್ರಾವಣ ಶನಿವಾರ ಮನೆಮಂದಿಯೆಲ್ಲ ಹಣೆಗೆ ನಾಮ ಹಾಕಿಕೊಂಡು, ಚೊಂಬು ಹಿಡಿದು, ಗೋವಿಂದಾ ಅನ್ನುತ್ತಾ ಅಕ್ಕಪಕ್ಕದ ಮನೆಗಳಲ್ಲಿ ಪಡಿ ಬೇಡುತ್ತಾರೆ. ಆ ಅಕ್ಕಿಯಲ್ಲೇ ಅನ್ನ ಮಾಡಿ ಎಡೆ ಇಡುತ್ತಾರೆ. ಆಮೇಲೆ ಸೊಣ್ಣಮ್ಮಜ್ಜಿ ಗಂಡಸರಿಗೆ ಬಲಗೈಗೆ, ಹೆಂಗಸರಿಗೆ ಎಡಗೈಗೆ ದಾರ ಕಟ್ಟುತ್ತಾರೆ. ಆಯುಧಪೂಜೆಯ ದಿನ ಅದನ್ನು ಬಿಚ್ಚಿ, ಅವರವರು ದುಡಿಯುವ ಸಾಮಾನಿಗೆ ಕಟ್ಟಬೇಕು. ಹಿಂದೆ ನೇಗಿಲಿಗೆ ಕಟ್ಟುತ್ತಿದ್ದರಂತೆ. ಈಗ ನಾಗೇಶಣ್ಣ ಟಿಪ್ಪರಿಗೆ ಕಟ್ಟುತ್ತಾರೆ, ರಾಣಕ್ಕ ಮಿಕ್ಸಿಗೆ ಕಟ್ಟುತ್ತಾರೆ. ಒಳ್ಳೆಯ ಪದ್ಧತಿಯೇ. ದುಡಿಮೆಗೆ ಕೈ ಮುಗಿಯುವುದು ಯಾರಿಗೆ ಬೇಡ?

"ಅಜ್ಜಿ, ನಿಮ್ಮ ದೇವ್ರನ್ನ ನಾನು ಬೈತಾ ಇಲ್ಲ. ಎಡಗೈಲಿ ದಾರ, ಮಷೀನ್ ಮುಂದೆ ತಗಡು ಹಿಡಿಯೋದೂ ಎಡಗೈಯೇ. ನನಗೆ ಭಯ ಅದು."

"ದ್ಯಾವ್ರ ದಾರ ಇದ್ದ ಕೈಗೆ ಏನಾಗ್ತದೆ?" ಅಂದರು ಅಜ್ಜಿ.

"ಮೇಡಂ, ಸುಮ್ನೆ ಮಾತು ಬೇಡ" ಅಂದರು ನಾಗೇಶಣ್ಣ. "ಇಂಥ ಕಿರಿಕಿರಿ ಆದ್ರೆ ಮೆಕ್ಯಾನಿಕಲ್ಲೇ ಬೇಡ. ಬೇರೆ ಬ್ರಾಂಚ್‌ಗೆ ಹಾಕಿಸ್ತೀನಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಮೋನಿಕಾಳ ಮುಖ ಬಾಡಿ ಹೋಯಿತು.

ಮುಂದಿನ ವಾರದ ಕ್ಲಾಸಿಗೆ ಅವಳು ಬಂದಾಗ ಕೈ ತೋರಿಸಿದಳು. ದಾರ ಕಾಣಲಿಲ್ಲ. "ಬಿಚ್ಚಿದ್ಯಾ?" ಅಂದೆ. ಹೌದು ಅಂತ ತಲೆ ಆಡಿಸಿದಳು. ಸಮಾಧಾನವಾಯಿತು, ಒಳಗೆ ಬಿಟ್ಟೆ.

ಅವತ್ತು ಒಂದು ಚಿಕ್ಕ ತಗಡಿಗೆ ತೂತು ಕೊರೆಯುವ ಕೆಲಸ. ಒಬ್ಬೊಬ್ಬರಾಗಿ ಬರಬೇಕು, ತಗಡನ್ನು ಮೇಜಿನ ಇಕ್ಕಳಕ್ಕೆ ಬಿಗಿಯಾಗಿ ಕಚ್ಚಿಸಬೇಕು, ನಾನು ನೋಡಿದ ಮೇಲೆಯೇ ಸ್ವಿಚ್ಚು ಹಾಕಬೇಕು. ಒಬ್ಬ ಹುಡುಗನ ಗರಗಸದ ಬ್ಲೇಡು ಮುರಿದು, ಆ ಕಡೆ ತಿರುಗಿದೆ. ಹಿಂದೆ ಡ್ರಿಲ್ ಮಷೀನ್ ಗುಯ್ ಅಂದಿತು. ತಿರುಗಿ ನೋಡುತ್ತೇನೆ, ಮೋನಿಕಾ! ಎರಡೂ ಕೈಗೆ ದಪ್ಪ ಬಟ್ಟೆಯ ಗ್ಲೌಸು. ತಗಡು ಕಚ್ಚಿಸಿಲ್ಲ, ಎಡಗೈಯಲ್ಲೇ ಅದುಮಿ ಹಿಡಿದಿದ್ದಾಳೆ. ಆ ಗ್ಲೌಸಿನ ಬಾಯಿಂದ ಹಳದಿ ದಾರದ ತುದಿ ಇಣುಕುತ್ತಿದೆ, ತೂತು ಕೊರೆಯುತ್ತಾ ತಿರುಗುವ ಡ್ರಿಲ್ ಬಿಟ್ಟಿನ ಪಕ್ಕದಲ್ಲೇ.

ಹೇಗೆ ಹಾರಿದೆನೋ ಗೊತ್ತಿಲ್ಲ. ಮಷೀನ್ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಅಂಗೈ ಕುಟ್ಟಿದೆ. ಮಷೀನ್ ನಿಂತಿತು. ಗ್ಲೌಸಿನ ಬೆರಳ ತುದಿಯ ನೂಲು ಬಿಟ್ಟಿಗೆ ಆಗಲೇ ಒಂದು ಸುತ್ತು ಸುತ್ತಿಕೊಂಡಿತ್ತು.

"ಯಾರ್ ಹೇಳಿದ್ದು ಗ್ಲೌಸ್ ಹಾಕ್ಕೋ ಅಂತ? ಯಾರ್ ಹೇಳಿದ್ದು?" ನಾನು ಕಿರುಚಿದ ಸದ್ದಿಗೆ ಹುಡುಗರೆಲ್ಲ ಕೆಲಸ ಬಿಟ್ಟು ಈ ಕಡೆ ತಿರುಗಿದರು.

ಹುಡುಗಿ ಗ್ಲೌಸಿನಿಂದ ಕೈ ಹೊರಗೆ ಎಳೆದುಕೊಂಡಳು. "ಅಪ್ಪ ತಂದ್ಕೊಟ್ರು ಮೇಡಂ. ಗ್ಲೌಸ್ ಹಾಕ್ಕೊಂಡ್ರೆ ದಾರನೂ ಒಳಗಿರುತ್ತೆ, ಕೈಗೂ ಏನಾಗಲ್ಲ ಅಂದ್ರು. ನನಗೆ ಬ್ರಾಂಚ್ ಬಿಡಕ್ಕೆ ಇಷ್ಟ ಇಲ್ಲ ಮೇಡಂ. ಅದಕ್ಕೇ ದಾರ ಕೋಟಿನ ತೋಳಿನೊಳಗೆ ಮೇಲಕ್ಕೆ ಸೇರಿಸಿಟ್ಟಿದ್ದೆ."

ಅವಳನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಸಂಜೆ ಮಹಡಿ ಹತ್ತಲಿಲ್ಲ. ನೇರವಾಗಿ ಕೆಳಗಿನ ಮನೆಯ ನಡುಮನೆಗೇ ಹೋದೆ. ಟೀ ಕೊಡಲು ಬಂದ ರಾಣಕ್ಕನಿಗೆ ಬೇಡ ಅಂದೆ. ಆ ಗ್ಲೌಸನ್ನು ನಾಗೇಶಣ್ಣನ ಮುಂದೆ ಇಟ್ಟೆ.

"ಇದನ್ನ ತಂದ್ಕೊಟ್ಟಿದ್ದು ನೀವೇನಾ?"

"ಹೌದು ಮೇಡಂ, ಹಾರ್ಡ್‌ವೇರ್ ಅಂಗಡೀಲಿ ಒಳ್ಳೇದೇ ಕೇಳಿ ತಂದೆ. ಕೈ ಕಾಯುತ್ತೆ ಅಂತ."

"ಬಿಸಿ ಕಬ್ಬಿಣ ಹಿಡಿಯೋವಾಗ ಕಾಯುತ್ತೆ. ಕಲ್ಲು ಹೊರೋವಾಗ ಕಾಯುತ್ತೆ. ತಿರುಗೋ ಮಷೀನ್ ಹತ್ರ ಕೈ ತಿನ್ನುತ್ತೆ! ಬೆರಳ ತುದಿ ನೋಡಿ. ನೂಲು ಸುತ್ಕೊಂಡಿದೆ, ಕಾಣ್ಸುತ್ತಾ? ಇನ್ನೊಂದು ಕ್ಷಣ ತಡ ಆಗಿದ್ರೆ ಇಷ್ಟ್ ಹೊತ್ತಿಗೆ ನೀವೆಲ್ಲ ಆಸ್ಪತ್ರೇಲಿ ಕೂತಿರ್ತಿದ್ರಿ. ಇವತ್ತು ನಿಮ್ಮ ಮಗಳನ್ನ ಕೈ ಸಮೇತ ಮನೆಗೆ ಕಳ್ಸಿದೀನಿ ನಾಗೇಶಣ್ಣ. ಪ್ರತಿ ಸಲ ನಾನು ಅಲ್ಲೇ ಇರ್ತೀನಿ ಅಂತ ಏನು ಗ್ಯಾರಂಟಿ?"

ನಾಗೇಶಣ್ಣ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿ ಮಾತ್ರ ಒಪ್ಪಲಿಲ್ಲ.

"ಒಂದು ನೂಲಿಗೆ ಇಷ್ಟೊಂದಾ? ಎಳುದ್ರೆ ಕಿತ್ತೋಗ್ತದೆ ಕಣಮ್ಮ ದಾರ."

"ಹಾಗಾದ್ರೆ ನಾಳೆ ನೀವೇ ಬನ್ನಿ ಅಜ್ಜಿ. ಕಣ್ಣಾರೆ ನೋಡಿ. ಅಂಥದೇ ಒಂದು ದಾರ ತನ್ನಿ. ಜೊತೆಗೆ ಮೂಲಂಗಿ ತನ್ನಿ."

"ಮೂಲಂಗಿನಾ?"

"ಮೂಲಂಗಿನೇ. ಎಳೇದು, ಬೆರಳ ಗಾತ್ರದ್ದು."

ಮರುದಿನ ಇಡೀ ಸಂಸಾರ ಟಿಪ್ಪರಿನಲ್ಲೇ ಬಂದಿಳಿಯಿತು. ಅಜ್ಜಿ ಸೆರಗಿನ ತುಂಬ ಮೂಲಂಗಿ ಕಟ್ಟಿಕೊಂಡಿದ್ದರು. ಎಲ್ಲರನ್ನೂ ನೆಲದ ಹಳದಿ ಗೆರೆಯ ಆಚೆ ನಿಲ್ಲಿಸಿದೆ. ನಾಗೇಶಣ್ಣ ತಂದಿದ್ದ ಗ್ಲೌಸಿನ ಒಂದೊಂದು ಬೆರಳಿಗೂ ಒಂದೊಂದು ಮೂಲಂಗಿ ತೂರಿಸಿದೆ. ಮಣಿಕಟ್ಟಿನ ಜಾಗಕ್ಕೆ ಅಜ್ಜಿಯ ದಾರ ಸುತ್ತಿ ಬಿಗಿದೆ. ಮಷೀನ್ ನಿಂತಿರುವಾಗಲೇ ಗ್ಲೌಸನ್ನು ಮೇಜಿನ ಮೇಲಿಟ್ಟು, ದಾರದ ತುದಿ ಬಿಟ್ಟಿಗೆ ತಾಗುವ ಹಾಗೆ ಮಾಡಿದೆ. ನಾನೂ ಗೆರೆಯ ಆಚೆ ಬಂದೆ. ಗೋಡೆಯ ಮೇಲಿನ ಸ್ವಿಚ್ಚು ಹಾಕಿದೆ.

ಕಣ್ಣು ಮಿಟುಕಿಸುವಷ್ಟರಲ್ಲಿ ದಾರ ಸರ್ರನೆ ಸುತ್ತಿಕೊಂಡಿತು. ಕಿತ್ತುಹೋಗಲಿಲ್ಲ. ಗ್ಲೌಸನ್ನೇ ಎಳೆದುಕೊಂಡಿತು. ಗ್ಲೌಸು ಬಿಟ್ಟಿಗೆ ಸುತ್ತಿ, ಮೇಜಿಗೆ ಫಟ್ ಫಟ್ ಅಂತ ಬಡಿಯಿತು. ಲಟಲಟನೆ ಮುರಿಯುವ ಸದ್ದು ಕೇಳಿಸಿತು. ಸ್ವಿಚ್ಚು ಆರಿಸಿ, ಎಲ್ಲ ನಿಂತ ಮೇಲೆ ಗ್ಲೌಸು ಬಿಡಿಸಿ ಮೇಜಿನ ಮೇಲೆ ಸುರಿದೆ. ಮೂಲಂಗಿ ಒಂದೂ ಇಡಿಯಾಗಿ ಉಳಿದಿರಲಿಲ್ಲ.

ರಾಣಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾಗೇಶಣ್ಣನ ಹಣೆಯ ಮೇಲೆ ಬೆವರು ಕಾಣಿಸಿತು.

ಸೊಣ್ಣಮ್ಮಜ್ಜಿ ಮೇಜಿನ ಹತ್ತಿರ ಬಂದು ಮುರಿದ ಮೂಲಂಗಿ ಒಂದನ್ನು ಎತ್ತಿ ನೋಡಿದರು. ಕೆಳಗಿಟ್ಟರು. ಮೊಮ್ಮಗಳ ಎಡಗೈ ಹಿಡಿದು ಒಂದೊಂದೇ ಬೆರಳು ಸವರಿದರು. "ಅಯ್ಯೋ ನನ್ನಪ್ಪನೇ, ನನ್ನ ಕೂಸೇ" ಅಂತ ಅಳು ತಡೆಯಲಾರದೆ ಬಿಕ್ಕಿದರು. ಆಮೇಲೆ ಕಣ್ಣೊರೆಸಿಕೊಂಡು, ಆ ಕೈಯ ದಾರದ ಗಂಟನ್ನು ತಾವೇ ಬಿಚ್ಚಿದರು.

"ಅಮ್ಮ, ಆಯುಧಪೂಜೆಗೆ ಇನ್ನೂ ದಿನ ಐತಲ್ಲ" ಅಂದರು ನಾಗೇಶಣ್ಣ ಮೆಲ್ಲಗೆ.

"ನಂಗೊತ್ತಿಲ್ವೇನೋ? ಆವತ್ತು ಎಲ್ಲಿಗೆ ಕಟ್ತೀವಿ? ದುಡಿಯೋ ತಾವಿಗೆ. ಇವಳು ದುಡಿಯೋ ತಾವು ಇದೇ ತಾನೆ? ಇಲ್ಲೇ ಕಟ್ತೀನಿ." ಬಿಚ್ಚಿದ ದಾರ ಹಿಡಿದು ಸೀದಾ ಡ್ರಿಲ್ ಮಷೀನ್ ಕಡೆ ನಡೆದರು.

"ಅಜ್ಜೀ! ಅದಕ್ಕೆ ಮಾತ್ರ ಬೇಡ!" ನಾನೂ ಮೋನಿಕಾಳೂ ಒಟ್ಟಿಗೇ ಕೂಗಿಕೊಂಡೆವು. ಎಷ್ಟೋ ಹೊತ್ತಿನ ಮೇಲೆ ಎಲ್ಲರಿಗೂ ನಗು ಬಂತು.

ಕೊನೆಗೆ ವರ್ಕ್‌ಶಾಪಿನ ಬಾಗಿಲ ಚೌಕಟ್ಟಿಗೆ, ಹೊರಗಡೆಯಿಂದ, ಒಂದು ಮೊಳೆ ಹೊಡೆದೆವು. ಹೊಡೆದದ್ದು ಮೋನಿಕಾ. ಅಜ್ಜಿ ಆ ಮೊಳೆಗೆ ದಾರ ಕಟ್ಟಿ ಕೈ ಮುಗಿದರು. ನಾಗೇಶಣ್ಣ ನನ್ನ ಹತ್ತಿರ ಬಂದರು.

"ಮೇಡಂ, ತಪ್ಪು ತಿಳ್ಕೊಂಡೆ. ಆ ಶನಿವಾರ ಬಂದಿದ್ರೆ..."

"ಬಂದಿದ್ರೆ ಈ ಮೂಲಂಗಿಲಿ ಸಾಂಬಾರ್ ಆಗ್ತಿತ್ತು ನಾಗೇಶಣ್ಣ" ಅಂದೆ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ?

ಆ ಕೋಪವನ್ನು ಅಷ್ಟಕ್ಕೇ ಬಿಡಲಿಲ್ಲ. ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. "ಸಾರ್, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ಬೇಡಿ. ಮುಂದಿನ ವರ್ಷ ಓರಿಯೆಂಟೇಶನ್ ವರ್ಕ್‌ಶಾಪ್‌ನಲ್ಲೇ ಶುರುವಾಗ್ಲಿ. ಭಾಷಣ ಊಟ ಆದ್ಮೇಲೆ ಇಟ್ಕೊಳ್ಳಿ, ನಿದ್ದೆ ಬಂದ್ರೂ ಯಾರ ಕೈನೂ ಹೋಗಲ್ಲ" ಅಂದೆ. ಬಾಯಿ ಜೋರಿದ್ದರೆ ಇಂಥ ಉಪಯೋಗವೂ ಇದೆ. ಒಪ್ಪಿದರು.

ಮುಂದಿನ ವರ್ಷ ಹೊಸ ಮಕ್ಕಳು ಹೆತ್ತವರ ಜೊತೆ ಸಾಲಾಗಿ ವರ್ಕ್‌ಶಾಪ್ ಬಾಗಿಲಿಗೆ ಬಂದರು. ಮೂಲಂಗಿ ತೋರಿಸುವ ಕೆಲಸ ಮೋನಿಕಾಳದು. ಎರಡನೇ ವರ್ಷಕ್ಕೆ ಬಂದಿದ್ದಳು, ಕೂದಲು ಬಿಗಿಯಾಗಿ ಗಂಟು ಕಟ್ಟಿ, ಕೋಟಿನ ತೋಳು ಮೇಲಕ್ಕೆ ಮಡಚಿ, ಬರಿಗೈಯಲ್ಲಿ ನಿಂತಿದ್ದಳು. ಬಾಗಿಲಲ್ಲಿ ಯಾರಿದ್ದರು ಅಂತೀರಿ? ಯಾರೂ ಕರೆಯದೆಯೇ ಬಂದು, ಮೊಳೆಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸೊಣ್ಣಮ್ಮಜ್ಜಿ. ಒಂದು ಮೊಳೆಯ ಜಾಗದಲ್ಲಿ ಈಗ ಮೊಳೆಗಳ ಸಾಲೇ ಇತ್ತು. "ಬಿಚ್ರಪ್ಪ, ಬಿಚ್ರವ್ವ, ಉಂಗ್ರನೂ ತೆಗೀರಿ" ಅಂತ ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡುತ್ತಿದ್ದರು.

ಮತ್ತಿಕೆರೆಯಿಂದ ಬಂದಿದ್ದ ಒಬ್ಬ ತಾಯಿ ಮಗನ ಕೈ ಬಿಡಲಿಲ್ಲ. "ಅಜ್ಜಿ, ಇದು ಹರಕೆ ದಾರ. ಅವನಿಗೆ ಕಾಯಿಲೆ ಆದಾಗ ನಾನೇ ಕಟ್ಟಿದ್ದು. ಬಿಚ್ಚಕ್ಕೆ ಮನಸ್ಸು ಬರಲ್ಲ."

ಅಜ್ಜಿ ಆಕೆಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. "ನಾನೂ ಇಂಗೇ ಅಂದಿದ್ದೆ ಕಣವ್ವ. ನೀನು ದಾರ ಕಟ್ಟಿದ್ದು ಯಾಕೆ? ಮಗ ಚೆನ್ನಾಗಿರ್ಲಿ ಅಂತ ತಾನೆ? ಅಂಗಾದ್ರೆ ಅವನು ಒಳಗೋಗಿ ಬರೋ ಗಂಟ ನೀನೇ ಇಟ್ಕೊಂಡಿರು. ದ್ಯಾವ್ರಿಗೆ ದಾರ ಎಲ್ಲಿದ್ರೂ ಕಾಣ್ತದೆ. ಕೈ ಹೋದ್ರೆ ಮತ್ತೆ ಬರಲ್ಲ."

ಆ ತಾಯಿ ಗಂಟು ಬಿಚ್ಚಿ, ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ಕೂತರು. ಮಗ ಒಳಗೆ ಬಂದ.

ಈಗ ನಿಮಗೆ ಹೇಳುತ್ತೇನೆ, ನಿಮಗೇ. ಮಗನೋ ಮಗಳೋ ಮೆಕ್ಯಾನಿಕಲ್‌ಗೆ ಸೇರಿದ್ದಾರಾ? ಓರಿಯೆಂಟೇಶನ್ ದಿನ ತಪ್ಪಿಸಬೇಡಿ, ನೀವೂ ಹೋಗಿ. ಭಾಷಣ ಉದ್ದವಾದರೆ ಎದ್ದು ನಿಂತು ಕೇಳಿ: "ವರ್ಕ್‌ಶಾಪ್‌ನಲ್ಲಿ ಏನು ಮಾಡ್ಬಾರ್ದು, ಅದನ್ನ ಮೊದ್ಲು ಹೇಳಿ." ಕೇಳಲು ನಾಚಿಕೆ ಬೇಡ, ಕೂಸು ನಿಮ್ಮದು. ತಿರುಗುವ ಮಷೀನಿನ ಹತ್ತಿರ ದಾರ, ಉಂಗುರ, ಬಳೆ, ವೇಲು, ಬಿಟ್ಟ ಕೂದಲು ಬೇಡ. ಪ್ರೀತಿಯಿಂದ ಗ್ಲೌಸು ಕೊಂಡು ಕೊಡುವ ಮುಂಚೆ ವರ್ಕ್‌ಶಾಪಿನವರನ್ನು ಒಂದು ಮಾತು ಕೇಳಿ. ಕೆಂಪು ಗುಂಡಿ ಎಲ್ಲಿದೆ ಅಂತ ನಿಮ್ಮ ಮಕ್ಕಳಿಗೆ ಗೊತ್ತಾ, ಇವತ್ತು ಸಂಜೆಯೇ ವಿಚಾರಿಸಿ.

ಕೈ ಕೆಸರಾದರೆ ಬಾಯಿ ಮೊಸರು ಅಂತ ಮಕ್ಕಳಿಗೆ ಹೇಳಿಕೊಡುತ್ತೀರಲ್ಲ, ಮೊದಲು ಆ ಕೈ ಇರಬೇಕು ಕಣ್ರೀ. ದಾರ ಬಾಗಿಲಲ್ಲೇ ಇರಲಿ. ಮಕ್ಕಳು ಹೊರಗೆ ಬಂದ ಮೇಲೆ ನೀವೇ ನಿಮ್ಮ ಕೈಯಾರೆ ಕಟ್ಟಿ.